ನನ್ನದಾಯಿತು

ಸುಳ್ಳು ಹೇಳಬಾರದೆಂದು ಚಿಕ್ಕಂದಿನಿಂದ ಎಲ್ಲರೂ ನಮಗೆ ಕಲಿಸಿದ್ದಾರೆ. ಆದರೆ ಸುಳ್ಳೆಂದು ಗೊತ್ತಿದ್ದೂ ನಂಬಬಾರದೆಂದು ಯಾರಾದರೂ ಕಲಿಸಿದ್ದು ನನಗೆ ನೆನಪಿಲ್ಲ. ಈ ಎರಡರಲ್ಲಿ ಯಾವುದು ಹೆಚ್ಚಿನ ತಪ್ಪು ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಅದೂ ಇಟಲಿಯ ಮೆಸ್ತ್ರೆ ಎಂಬ ಊರಿನ ಒಂದು ಸಣ್ಣ ಹೋಟೆಲಿನ ಮೆಟ್ಟಿಲ ಮೇಲೆ, ರಾತ್ರಿ ಒಂದೂವರೆ ಗಂಟೆಗೆ.

ಮಗ ಜರ್ಮನಿಯಲ್ಲಿದ್ದಾನೆ. ನಮ್ಮ ಮದುವೆಯ ನಲವತ್ತನೇ ವರ್ಷಕ್ಕೆಂದು 2024ರ ಸೆಪ್ಟೆಂಬರಿನಲ್ಲಿ ನಮಗಿಬ್ಬರಿಗೂ ಏಳು ದಿನದ ಹಡಗಿನ ವಿಹಾರಕ್ಕೆ ಟಿಕೆಟ್ ಮಾಡಿಸಿದ್ದ. ಹಡಗು ಮರುದಿನ ಮಧ್ಯಾಹ್ನ. ಹಿಂದಿನ ರಾತ್ರಿಗೆ ವೆನಿಸ್‌ನಲ್ಲಿ ರೂಮು ಬಲು ದುಬಾರಿಯೆಂದು ಸೇತುವೆಯ ಈಚೆ, ನೆಲದ ಮೇಲಿರುವ ಮೆಸ್ತ್ರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಸಾಧಾರಣ ಹೋಟೆಲು ಗೊತ್ತುಮಾಡಿದ್ದ. ಇಬ್ಬರು ನಿಂತರೆ ಸೂಟ್‌ಕೇಸಿಗೆ ಜಾಗವಿಲ್ಲದ ಲಿಫ್ಟು. ಎರಡು ಮಂಚ ಜೋಡಿಸಿ ಒಂದೆಂದು ಕರೆದ ಹಾಸಿಗೆ. ಬಚ್ಚಲಲ್ಲಿ ಕಮೋಡಿನ ಪಕ್ಕದಲ್ಲಿ ಇನ್ನೊಂದು ಗಿಡ್ಡನೆಯ ಪಿಂಗಾಣಿ ತೊಟ್ಟಿ. ಕಾಲು ತೊಳೆಯಲು ಎಷ್ಟು ಅನುಕೂಲ ಮಾಡಿದ್ದಾರೆಂದು ಮೆಚ್ಚಿಕೊಂಡು ನಾನು ಅದರಲ್ಲಿ ಕಾಲು ತೊಳೆದೆ. ಅದರ ನಿಜವಾದ ಉಪಯೋಗ ಬೇರೆಯೆಂದು ಮಗ ಫೋನಿನಲ್ಲಿ ನಗುತ್ತಾ ಹೇಳಿದ್ದು ಆಮೇಲೆ.

ವಿಮಾನ ತಡವಾಗಿ, ನಾವು ಅಲ್ಲಿಗೆ ತಲುಪುವಾಗ ರಾತ್ರಿ ಹನ್ನೊಂದು ದಾಟಿತ್ತು. ಹತ್ತಿರದ ಅಂಗಡಿಗಳೆಲ್ಲ ಮುಚ್ಚಿದ್ದವು. ಕೌಂಟರಿನಲ್ಲಿದ್ದವನು ಇಪ್ಪತ್ತೈದರ ಆಸುಪಾಸಿನ ಹುಡುಗ, ಬಾಂಗ್ಲಾದೇಶದವನು. ಮೆಸ್ತ್ರೆಯಲ್ಲಿ ಆ ದೇಶದವರು ಬಹಳ. ಪಕ್ಕದ ಮಾರ್ಗೆರಾದ ಹಡಗುಕಟ್ಟೆಯಲ್ಲಿ ಇಂಥ ವಿಹಾರದ ಹಡಗುಗಳನ್ನೇ ಕಟ್ಟುತ್ತಾರೆ. ಅಲ್ಲಿ ದುಡಿಯಲು ಬಂದವರು ಅನೇಕರು. ಈ ಹುಡುಗನ ಅಣ್ಣನೂ ಅಲ್ಲಿ ವೆಲ್ಡಿಂಗ್ ಕೆಲಸದವನಂತೆ. ನನ್ನ ಹರಕು ಹಿಂದಿಗೂ ಅವನ ಸಿನಿಮಾ ಹಿಂದಿಗೂ ಹೇಗೋ ಹೊಂದಿಕೆಯಾಯಿತು. ಊಟಕ್ಕೆ ಏನಾದರೂ ಸಿಕ್ಕೀತೆ ಎಂದೆ. ಅಡುಗೆಮನೆ ಇಲ್ಲ ಆಂಟಿ, ಬೆಳಿಗ್ಗೆ ಏಳಕ್ಕೆ ತಿಂಡಿ ಮಾತ್ರ ಎಂದ. ಯಜಮಾನರು ಗೋಡೆಗೊರಗಿ ನಿಂತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಅವನು ಅವರ ಮುಖ ನೋಡಿದ, ಒಳಗೆ ಹೋದ, ಒಂದು ಸ್ಟೀಲ್ ಡಬ್ಬಿಯನ್ನು ತಂದಿಟ್ಟ. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ. ಮೀನು ಮಾಂಸ ಸೋಕಿಲ್ಲ ಎಂದು ತಾನಾಗಿಯೇ ಹೇಳಿದ.

"ನಿನ್ನ ಊಟ?" ಎಂದು ಕೇಳಿದೆ.

"ನನ್ನದಾಯಿತು ಆಂಟಿ."

ಓದುವ ನೀವೆಲ್ಲ ಹೆಂಗಸರು. ಈ ಮಾತನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನೆಂಟರು ಹೊತ್ತಲ್ಲದ ಹೊತ್ತಿನಲ್ಲಿ ಬಂದಾಗ, ಅನ್ನ ಸಾಲದೆ ಹೋದಾಗ, ಕೊನೆಯ ದೋಸೆಗೆ ಮಗು ಕೈಚಾಚಿದಾಗ ನಾವೇ ಎಷ್ಟು ಸಲ ಹೇಳಿಲ್ಲ? ಅತಿಥಿಯನ್ನು ದೇವರೆಂದು ಹೇಳಿದವರು ಜಗಲಿಯಲ್ಲಿ ಕೂತಿದ್ದರು. ಆ ದೇವರ ನೈವೇದ್ಯಕ್ಕೆ ತನ್ನ ಪಾಲನ್ನು ಕೊಟ್ಟವಳು ಒಳಗಿದ್ದಳು. ನನಗೆ ಹತ್ತು ವರ್ಷವಿದ್ದಾಗ ಒಂದು ಮಳೆಗಾಲದ ರಾತ್ರಿ ಅಪ್ಪನ ದೂರದ ಅಣ್ಣ, ಜೊತೆಗೆ ಇಬ್ಬರು. ಎಲ್ಲರಿಗೂ ಬಡಿಸಿದ ಮೇಲೆ ನಾನು ಕೇಳಿದೆ, ಅಮ್ಮಾ ನಿಂದು? "ನಂದಾಯ್ತು, ನೀ ಮಲಗು." ಅವಳು ಹಿತ್ತಲಿಗೆ ಹೋದಾಗ ನಾನು ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿದೆ. ತಳದಲ್ಲಿ ಸೌಟಿನ ಗೆರೆಗಳು ಮಾತ್ರ ಇದ್ದವು. ಸದ್ದಾಗದಂತೆ ಮುಚ್ಚಳ ಮುಚ್ಚಿ, ಹೋಗಿ ಮಲಗಿಬಿಟ್ಟೆ. ನನ್ನ ಹೊಟ್ಟೆ ತುಂಬಿತ್ತು. ನಿದ್ದೆ ಚೆನ್ನಾಗಿಯೇ ಬಂತು.

ಆದ್ದರಿಂದ ಆ ಹುಡುಗನ ಮಾತು ಕಿವಿಗೆ ಬಿದ್ದ ಕೂಡಲೇ ಅದು ಯಾವ ಜಾತಿಯ ಮಾತೆಂದು ನನಗೆ ತಿಳಿಯಿತು. ರಾತ್ರಿಪಾಳಿಯವನು ಊಟ ಮುಗಿಸಿದ್ದರೆ ಡಬ್ಬಿ ತುಂಬಿರುವುದು ಹೇಗೆ? ತಿಳಿದೂ ನಾವಿಬ್ಬರೂ ತಿಂದೆವು. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ನನ್ನ ಸೂಟ್‌ಕೇಸಿನಲ್ಲಿ ಊರಿನಿಂದ ತಂದ ಚಕ್ಕುಲಿ, ಕೋಡುಬಳೆ ಎರಡು ಡಬ್ಬ ಇದ್ದವು. ಅಂದರೆ ಆ ರಾತ್ರಿ ನಾವು ಉಪವಾಸ ಬೀಳುವ ಪರಿಸ್ಥಿತಿಯೇನೂ ಇರಲಿಲ್ಲ. ಪರದೇಶದಲ್ಲಿ ಬಿಸಿ ಅನ್ನ ಕಂಡಿತು, ಬೇಕೆನಿಸಿತು, ಅಷ್ಟೆ. ಯಜಮಾನರ ಕಾಯಿಲೆ ನನಗೊಂದು ನೆವ.

ನಡುರಾತ್ರಿ ಎಚ್ಚರವಾಯಿತು. ಅಲ್ಲಿ ಒಂದೂವರೆಯೆಂದರೆ ನಮ್ಮಲ್ಲಿ ಬೆಳಗಿನ ಐದು, ಬಾಗಿಲಿಗೆ ನೀರು ಹಾಕುವ ಹೊತ್ತು. ಒಂದು ಬಾಟಲಿ ನೀರು ಕೇಳೋಣವೆಂದು ಮೆಟ್ಟಿಲಿಳಿದೆ. ಕೌಂಟರಿನ ಹಿಂದೆ ಅವನು ಮೆಷಿನ್ನಿನ ಕಾಫಿಗೆ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದ. ಪೊಟ್ಟಣ ಮುಗಿದಿತ್ತು, ಚೂರುಗಳನ್ನು ಅಂಗೈಗೆ ಕೊಡವಿಕೊಳ್ಳುತ್ತಿದ್ದ. ನಾನು ಅರ್ಧ ಮೆಟ್ಟಿಲಲ್ಲೇ ನಿಂತೆ.

ಕೋಡುಬಳೆ ತಂದು ಕೊಡಬಹುದಿತ್ತು. ಕೊಟ್ಟರೆ, ನಿನ್ನ ಸುಳ್ಳು ನನಗೆ ಗೊತ್ತಾಯಿತು ಎಂದು ಮುಖಕ್ಕೆ ಹೇಳಿದಂತಾಗುತ್ತಿತ್ತು. ಕೊಡುವವನ ಬಳಿ ಇದ್ದ ದೊಡ್ಡತನವೆಲ್ಲ ಆ ಸುಳ್ಳಿನಲ್ಲಿತ್ತು; ಅದನ್ನು ನಾನು ಒಡೆಯಬಹುದೆ? ಹೀಗೆಲ್ಲ ಯೋಚಿಸುತ್ತ ಸದ್ದಾಗದಂತೆ ಮೇಲೆ ಬಂದೆ. ಅವನ ಮಾನ ಕಾಪಾಡಿದೆ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಹಾಸಿಗೆಯಲ್ಲಿ ಹೊಳೆಯಿತು, ಐವತ್ತೆರಡು ವರ್ಷದ ಹಿಂದೆ ಮುಚ್ಚಳ ಮುಚ್ಚಿದ್ದೂ ಇದೇ ಕೈ. ಅಮ್ಮನ ಮಾನ ಕಾಯಲು ಹತ್ತು ವರ್ಷದ ನನಗೇನು ಗೊತ್ತಿತ್ತು? ನಂಬುವುದು ಸುಲಭವಾಗಿತ್ತು, ನಂಬಿದೆ.

ಮಲಗಿದಲ್ಲೇ ಮಗ ಹೇಳಿದ್ದ ವೆನಿಸ್‌ನ ಕಥೆ ನೆನಪಾಯಿತು. 1951ರಲ್ಲಿ ನೀರಿನ ಮಧ್ಯದ ಆ ಹಳೆಯ ಊರಿನಲ್ಲಿ ಸುಮಾರು 1,75,000 ಜನರಿದ್ದರು. 2022ರ ಹೊತ್ತಿಗೆ 50,000ಕ್ಕಿಂತ ಕಡಿಮೆಯಾದರು. ಮನೆಗಳು ಪ್ರವಾಸಿಗರ ಬಿಡದಿಗಳಾಗಿ, ಊರಿನವರು ಸೇತುವೆ ದಾಟಿ ಮೆಸ್ತ್ರೆಯಂಥ ಕಡೆಗೆ ಬಂದರು. 2019ರಲ್ಲಿ ದೊಡ್ಡ ಹಡಗೊಂದು ಕಾಲುವೆಯ ದಡಕ್ಕೆ ಬಡಿಯಿತು. 2021ರ ಆಗಸ್ಟಿನಿಂದ ಅಂಥ ಹಡಗುಗಳು ಊರಿನ ನಡುವೆ ಹಾಯಬಾರದೆಂದಾಯಿತು. 2024ರಲ್ಲಿ ಗೊತ್ತಾದ 29 ದಿನಗಳಲ್ಲಿ ಹಗಲು ಬಂದು ಹೋಗುವವರ ಮೇಲೆ ತಲೆಗೆ 5 ಯೂರೋ ಪ್ರವೇಶ ಶುಲ್ಕ ಹಾಕಿದರು. ತಿಥಿ ಹೇಳದೆ ಬರುವವನು ಅತಿಥಿ ಎನ್ನುತ್ತಾರೆ. ಅಲ್ಲಿ ಅತಿಥಿಗೇ ತಿಥಿ ಗೊತ್ತುಮಾಡಿದರು! ಮೊದಲು ಕೇಳಿದಾಗ ನಕ್ಕಿದ್ದೆ. ಆ ರಾತ್ರಿ ನಗು ಬರಲಿಲ್ಲ. ಬನ್ನಿ ಬನ್ನಿ ಎಂದ ಊರಿನ ಮಾತನ್ನು ಬಂದವರೆಲ್ಲ ನಂಬಿದ್ದರು. ನಿಮ್ಮದಾಯಿತೆ ಎಂದು ಎರಡನೆಯ ಸಲ ಯಾರೂ ಕೇಳಿರಲಿಲ್ಲ. ನಾನೂ ಮರುದಿನ ಹತ್ತುವವಳು ಅಂಥದೇ ಒಂದು ಹಡಗನ್ನು, ಆ ಹುಡುಗನ ಅಣ್ಣನಂಥವರು ಬೆಸೆದ ಹಡಗನ್ನು.

ಬೆಳಿಗ್ಗೆ ಆರೂವರೆಗೆ, ಅವನ ಪಾಳಿ ಮುಗಿಯುವ ಮುಂಚೆ, ತೊಳೆದ ಡಬ್ಬಿಯಲ್ಲಿ ಕೋಡುಬಳೆ ತುಂಬಿ ಕೆಳಗೆ ಒಯ್ದೆ. "ನಮ್ಮ ಕಡೆ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲಪ್ಪ" ಎಂದೆ. "ನಮ್ಮ ಅಮ್ಮನೂ ಹಾಗೇ" ಎಂದು ನಕ್ಕು ತೆಗೆದುಕೊಂಡ. ಅವನ ಸುಳ್ಳು ಅವನ ಬಳಿಯೇ ಉಳಿಯಿತು. ನನ್ನ ಹಿರಿಯರ ಈ ಪದ್ಧತಿ ಎಷ್ಟು ಜಾಣತನದ್ದೆಂದು ಆಗ ತಿಳಿಯಿತು. ಆದರೂ ರಾತ್ರಿಯ ಹಸಿವಿಗೆ ಬೆಳಗಿನ ಕೋಡುಬಳೆ ಸಮವಲ್ಲ. ಲೆಕ್ಕ ಚುಕ್ತವಾಯಿತೆಂದು ನಾನು ಹೇಳಲಾರೆ.

ಹೇಳುವವರ ಸುಳ್ಳನ್ನು ನಾನು ತಪ್ಪೆನ್ನುವುದಿಲ್ಲ. ಅದರಲ್ಲಿ ಪ್ರೀತಿ ಇದೆ. ಆ ಪ್ರೀತಿಯನ್ನು ನಂಬಿಕೆಯ ಹೆಸರಿನಲ್ಲಿ ಉಂಡುಬಿಡುವವರದೇ ತಪ್ಪು. ಊಟ ಆಯಿತೆ ಎಂದು ಮೊದಲ ಸಲ ಕೇಳುವುದು ಮರ್ಯಾದೆಗೆ. ಎರಡನೆಯ ಸಲ ಕೇಳಿದಾಗ, ಬಂದ ಉತ್ತರಕ್ಕೆ ನಮ್ಮ ತಟ್ಟೆಯಿಂದ ಅರ್ಧ ತೆಗೆದಿಡಲು ನಾವು ಸಿದ್ಧರಿರಬೇಕಾಗುತ್ತದೆ. ಅದಕ್ಕೇ ನಾವು ಕೇಳುವುದಿಲ್ಲ. ಆ ಡಬ್ಬಿಯ ಅನ್ನವನ್ನು ಮೂರು ಪಾಲು ಮಾಡಬಹುದಿತ್ತು. ಇಷ್ಟು ಸರಳವಾದ ದಾರಿ ಆ ರಾತ್ರಿ ಇಬ್ಬರಿಗೂ ತೋಚಲಿಲ್ಲ.

ಈಗ ಮನೆಯಲ್ಲಿ ನನ್ನ ವಿಧವೆ ನಾದಿನಿ ಜೊತೆಗಿದ್ದಾಳೆ. ನೆಂಟರು ಬಂದು ಹೋದ ದಿನ ಅವಳದೂ ಅದೇ ಮಾತು: "ನನ್ನದಾಯಿತು ಅತ್ತಿಗೆ." ಸರಿ ಎನ್ನುತ್ತೇನೆ. ಆಮೇಲೆ ಒಳಗೆ ಹೋಗಿ, ಅವಳಿಗೆ ಕೇಳಿಸುವಂತೆಯೇ, ಪಾತ್ರೆಯ ಮುಚ್ಚಳ ತೆಗೆಯುತ್ತೇನೆ.