ತಿಳಿಯದೆ ಆದದ್ದು ಪಾಪ ಹೌದೋ ಅಲ್ಲೋ

ನಮ್ಮ ಡೊಳ್ಳಿನ ಹಾಡಿನಲ್ಲಿ ಸವಾಲು-ಜವಾಬು ಅಂತ ಒಂದು ರೂಢಿ ಐತಿ. ನಮ್ಮ ಜತ್ತ ತಾಲೂಕಿನ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮೇಳದವರು ಪ್ರಶ್ನೆ ಇಡತಾರ, ಎದುರಿನ ಮೇಳದವರು ಹಾಡಿನಾಗೇ ಉತ್ತರ ಕೊಡಬೇಕು. ಉತ್ತರ ಬರಲಿಲ್ಲ ಅಂದರ ಬೆಳಗಾಗೂ ತನಕ ಮಂದಿ ನಗತಾರ. ಸುಮಾರು ಮೂವತ್ತು ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ಎದುರಿನವರು ನನಗೆ ಇಟ್ಟ ಸವಾಲು ಇದು: ದಶರಥ ಮಹಾರಾಜ ಕತ್ತಲಲ್ಲಿ ಕೊಡ ತುಂಬುವ ಸಪ್ಪಳ ಕೇಳಿ, ಆನೆ ನೀರು ಕುಡಿಯಾಕ ಬಂದೈತಿ ಅಂತ ತಿಳಿದು ಬಾಣ ಬಿಟ್ಟ. ಬಾಣ ತಾಗಿದ್ದು ಶ್ರವಣಕುಮಾರಗ. ತಿಳಿಯದೆ ಮಾಡಿದ ಈ ಕೆಲಸ ಪಾಪ ಹೌದೋ ಅಲ್ಲೋ?

ನಾನು ಆಗ ಹುರುಪಿನವ. ಅಲ್ಲ ಅಂತ ಹಾಡಿದೆ. ಮಾಂಡವ್ಯ ಋಷಿಯ ಕತೆ ತಂದು ಮುಂದೆ ಇಟ್ಟೆ. ಮಾಂಡವ್ಯ ಸಣ್ಣವನಿದ್ದಾಗ ಹುಳಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದ. ಅದಕ್ಕಾಗಿ ಯಮಧರ್ಮ ಅವನಿಗೆ ಶೂಲದ ಶಿಕ್ಷೆ ಕೊಟ್ಟ. ತಿಳಿವಳಿಕೆ ಇಲ್ಲದ ಕೂಸು ಮಾಡಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆ ಏನು ಅಂತ ಮಾಂಡವ್ಯ ತಿರುಗಿ ಯಮನಿಗೇ ಶಾಪ ಕೊಟ್ಟ. ಆ ಯಮ ದಾಸಿಯ ಹೊಟ್ಟೆಯಲ್ಲಿ ವಿದುರನಾಗಿ ಹುಟ್ಟಿದ. ಹದಿನಾಲ್ಕು ವರ್ಷದ ತನಕ ಮಾಡಿದ್ದು ಪಾಪ ಅಲ್ಲ ಅಂತ ಅವತ್ತಿನಿಂದ ಕಟ್ಟಳೆ ಆಯಿತು. ತಿಳಿಯದೆ ಮಾಡಿದ್ದಕ್ಕೆ ಶಿಕ್ಷೆ ಕೊಟ್ಟ ದೇವರಿಗೇ ಶಿಕ್ಷೆ ಆಗೈತಿ, ಇನ್ನು ದಶರಥನದೇನು ಅಂತ ನಾ ಮುಗಿಸಿದಾಗ ಮಂದಿ ಶಿಳ್ಳೆ ಹೊಡೆದರು. ನನಗೊಂದು ರುಮಾಲು ಸುತ್ತಿದರು. ಆ ಜವಾಬು ಖರೇ ಅಂತ ನಾ ಮೂವತ್ತು ವರ್ಷ ನಂಬಿಕೊಂಡಿದ್ದೆ.

ಹೋದ ಮಳೆಗಾಲದಾಗ ಒಂದು ಕೋಳಿ ಅದನ್ನ ಕೆಡಿಸಿತು.

ಕೋಳಿ ನಮ್ಮದಲ್ಲ, ಬಾಜೂ ಮನಿ ಅಕ್ಕನದು. ಆಕೆ ನನಗಿಂತ ಹಿರಿಯಾಕೆ, ಒಬ್ಬಾಕೆ ಇರತಾಳ. ಮೊಣಕಾಲು ನೋವಿಗೆ ಕೋಳಿ ಹಿಂದ ಓಡಾಡಾಕ ಆಗೂದಿಲ್ಲ ಅಂತ ಒಂದು ಹೇಂಟೆಯನ್ನ ನಮಗೆ ಪಾಲಿಗೆ ಕೊಟ್ಟಿದ್ದಳು. ಪಾಲು ಅಂದರ ಜ್ವಾಳದ ನುಚ್ಚು ನಮ್ಮದು, ಕಾವಲು ನಮ್ಮದು, ಮರಿ ದೊಡ್ಡವಾದ ಮ್ಯಾಲೆ ಅರ್ಧ ಆಕೆಗೆ, ಅರ್ಧ ನಮಗೆ. ಹೇಂಟೆ ಇಪ್ಪತ್ತೊಂದು ದಿನ ಕಾವಿಗೆ ಕುಂತು ಹತ್ತು ಮರಿ ಮಾಡಿತು. ಹದ್ದಿನಿಂದ ಉಳಿಸಿದೆವು, ಮುಂಗುಸಿಯಿಂದ ಉಳಿಸಿದೆವು. ನೀರಿನ ತಾಟಿನಾಗ ಮರಿ ಮುಳುಗಿ ಸಾಯತಾವ ಅಂತ ತಾಟಿನ ತುಂಬ ಹರಳು ಹಾಕಿ ಇಟ್ಟೆವು. ಇಷ್ಟೆಲ್ಲ ಮಾಡಿದ ಕೈಯೇ ಅದಕ್ಕೆ ಗಾಯ ಮಾಡಿತು.

ನಮ್ಮ ಹಿತ್ತಲದಾಗ ಕೋಳಿ ಗೂಡು, ಮರಾಠಿ ಮಂದಿ ಖುರಾಡ ಅಂತಾರಲ್ಲ ಅದು, ಗ್ವಾಡಿಗೆ ಹಚ್ಚಿ ಕಲ್ಲಿನಿಂದ ಕಟ್ಟಿದ್ದು. ಅದಕ್ಕೆ ಬಾಗಿಲು ಇರಲಿಲ್ಲ. ಒಂದು ಫರಸಿ ಕಲ್ಲು ಅಡ್ಡ ನಿಲ್ಲಿಸುತ್ತಿದ್ದೆವು. ಆ ಕಲ್ಲು ತೆಗೆದು ಹಲಗಿ ಬಾಗಿಲಾ ಕೂಡಿಸು ಅಂತ ನಮ್ಮ ಮನಿಯಾಕೆ ಎಷ್ಟು ಸಲ ಹೇಳಿದ್ದಳೋ ಲೆಕ್ಕ ಇಲ್ಲ. ನಾಳೆ, ನಾಡದ ಅಂತ ನಾ ತಳ್ಳಿಕೊಂಡು ಬಂದಿದ್ದೆ. ಅವತ್ತು ಸಂಜೆ ಕರೆಂಟು ಹೋಗಿತ್ತು. ಗುಡಿಯಲ್ಲಿ ಹಾಡಿನ ತಾಲೀಮಿತ್ತು, ಹುಡುಗರು ಡೊಳ್ಳು ಬಿಗಿಯಾಕ ಹತ್ತಿದ್ದು ಕೇಳಿಸುತ್ತಿತ್ತು. ದಿನಾ ಗೂಡು ಮುಚ್ಚುವವ ನಮ್ಮ ಮೊಮ್ಮಗ, ಒಂಬತ್ತು ವರ್ಷದವ. ಅವತ್ತು ಅವ ಮುಚ್ಚಿ ಒಳಗೆ ಹೋದ ಮ್ಯಾಲೆ ಹೇಂಟೆ ಯಾಕೋ ಗದ್ದಲ ಮಾಡಿತು. ಇಲಿ ಹೊಕ್ಕಿತೇನೋ ಅಂತ ನಾ ಹೋಗಿ ಕಲ್ಲು ಸರಿಸಿ, ಕೈಯಾಡಿಸಿ ನೋಡಿ, ಮತ್ತೆ ಕಲ್ಲು ಬಿಟ್ಟೆ. ಬಿಟ್ಟೆ ಅಂದರ ಮೆತ್ತಗೆ ಇಡಲಿಲ್ಲ, ಕೈ ಬಿಟ್ಟೆ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣೂದಿಲ್ಲ, ಅದು ಯಾವಾಗ ಬಾಗಿಲ ಬಾಯಿಗೆ ಬಂದಿತ್ತೋ. ನನಗೂ ಕಾಣಲಿಲ್ಲ. ಅದು ಚೀರಿತು. ಹಿಡಿಯಾಕ ಹೋದರೂ ಚೀರತಾವ, ಬಿಟ್ಟರೂ ಚೀರತಾವ ಅಂತ ನಾ ಗುಡಿ ಹಾದಿ ಹಿಡಿದೆ.

ಮುಂಜಾನೆ ಕಲ್ಲು ತೆಗೆದರ ಹೇಂಟೆಯ ಎಡಗಾಲು ಮುರಿದು ಜೋತು ಬಿದ್ದಿತ್ತು. ಒಂದು ಮರಿ ಕಲ್ಲಿನ ಬುಡದಾಗ ಅಪ್ಪಚ್ಚಿ ಆಗಿತ್ತು. ನಮ್ಮ ಮನಿಯಾಕೆ ನೋಡಿದವಳೇ, ನಿತ್ಯ ಮುಚ್ಚುವವನೇ ಮಾಡಿದ್ದು ಅಂತ ಮೊಮ್ಮಗನ ಬೆನ್ನಿಗೆ ಎರಡು ಕೊಟ್ಟಳು. "ಮಂದಿ ಕೋಳಿ ಅದು, ಕಣ್ಣ ಎಲ್ಲಿ ಇಟ್ಟಿದ್ದಿ?" ಅಂದಳು. ಅವ "ನಾ ಅಲ್ಲಾಯಿ, ನಾ ಅಲ್ಲ" ಅಂತ ಅತ್ತ.

ನಾನು ಕಟ್ಟೆಯ ಮ್ಯಾಲೆ ಚಾ ಕುಡಿಯುತ್ತಿದ್ದೆ. ನನಗೆ ಆ ಕ್ಷಣವೇ ರಾತ್ರಿಯ ಚೀರಾಟ ನೆನಪಾಯಿತು. ಗೊತ್ತಾಯಿತು. ಗೊತ್ತಾಗಿಯೂ ಸುಮ್ಮನೆ ಕುಂತೆ.

ಯಾಕ ಸುಮ್ಮನೆ ಕುಂತೆ ಅಂತ ಆಮ್ಯಾಲೆ ಬಾಳ ಸಲ ಕೇಳಿಕೊಂಡೀನಿ. ಅಕ್ಕನಿಗೆ ಮಾರಿ ತೋರಿಸಬೇಕಲ್ಲ ಅನ್ನೋದು ಒಂದು. ಊರ ಮಂದಿಗೆ ನೀತಿ ಹಾಡುವವ, ಮನಿಯಾಗ ಸಣ್ಣ ಆಗಬೇಕಲ್ಲ ಅನ್ನೋದು ಇನ್ನೊಂದು. ಹುಡುಗಗ ಬಿದ್ದ ಪೆಟ್ಟು ಹ್ಯಾಂಗೂ ಬಿದ್ದು ಹೋತು, ಅದನ್ನ ವಾಪಸು ತೆಗೆಯಾಕ ಬರೂದಿಲ್ಲ ಅನ್ನೋ ಲೆಕ್ಕವೂ ಇತ್ತು. ಇದು ಬಾಳ ಕೆಟ್ಟ ಲೆಕ್ಕ, ಆದರೂ ಮನಸ್ಸು ಇಂಥ ಲೆಕ್ಕ ಬೇಗ ಮಾಡತೈತಿ.

ಮಧ್ಯಾಹ್ನ ಹೇಂಟೆಯ ಕಾಲು ಕಟ್ಟಾಕ ಕುಂತೆ. ಬಿದಿರಿನ ಎರಡು ಸಣ್ಣ ಸೀಳು ನುಣ್ಣಗೆ ಹೆರೆದು, ಕಾಲಿಗೆ ಅರಿವೆ ಸುತ್ತಿ, ಸೀಳು ಎರಡೂ ಕಡೆ ಇಟ್ಟು, ದೋತರದ ಅಂಚಿನಿಂದ ಕಟ್ಟಬೇಕು. ಬಾಳ ಬಿಗಿದರ ಬೆರಳು ಕಪ್ಪಾಗತಾವ, ಸಡಿಲ ಬಿಟ್ಟರ ಎಲುಬು ಕೂಡೂದಿಲ್ಲ. ಒಬ್ಬರ ಕೈಲೆ ಆಗುವ ಕೆಲಸ ಅಲ್ಲ. ಮೊಮ್ಮಗ ತಾನಾಗೇ ಬಂದು ಕೋಳಿಯ ಕಣ್ಣಿಗೆ ಅಂಗೈ ಮುಚ್ಚಿ ಹಿಡಕೊಂಡ. ಹಂಗ ಹಿಡಿದರ ಅದು ಸುಮ್ಮನಿರತೈತಿ. ಸ್ವಲ್ಪ ಹೊತ್ತಿಗೆ ಅವ ಕೇಳಿದ, "ಮುತ್ಯಾ, ನಾ ಕಲ್ಲ ಮೆತ್ತಗ ಇಟ್ಟಿದ್ನಿ ಅಂತ ಅನಸತೈತಿ. ಆದ್ರ ಖರೇ ನೆನಪ ಇಲ್ಲ. ನಾನ ಮಾಡಿರಬೇಕ ಅಲ್ಲ?"

ನನ್ನ ಕೈ ನಿಂತಿತು. ಕೋಳಿಯ ಕಾಲು ಮುರಿದದ್ದು ಒಂದು. ನನ್ನ ಮೌನದಿಂದ ಒಂದು ಕೂಸು ತನ್ನ ನೆನಪನ್ನೇ ನಂಬದಂಗ ಆಗಿತ್ತು. ಕೋಳಿಯ ಕಾಲಿಗೆ ಬಿದಿರಿನ ಸೀಳು ಕಟ್ಟಬಹುದು. ಇದಕ್ಕೆ ಏನು ಕಟ್ಟೋದು?

ಅಲ್ಲೇ ಅವನಿಗೆ ಹೇಳಿದೆ. ಮನಿಯಾಕೆಯನ್ನ ಕರೆದು ಆಕೆಯ ಮುಂದೆ ಇನ್ನೊಮ್ಮೆ ಹೇಳಿದೆ. ಆಕೆ ನನಗೆ ಏನಂದಳು ಅನ್ನೋದನ್ನ ಇಲ್ಲಿ ಬರೆಯೂದಿಲ್ಲ. ಸಂಜಿಕ ಅಕ್ಕನ ಮನಿಗೆ ಹೋದೆ. ಎಲ್ಲ ಹೇಳಿ ತಲೆ ಬಗ್ಗಿಸಿ ನಿಂತೆ. ಆಕೆ ಅಂದಳು, "ಕಾಲ ಮುರದದ್ದ ಕೋಳೀದು ತಮ್ಮಾ, ನೀ ಯಾಕ ಕುಂಟತಿ? ಮೊದಲ ಆ ಕಲ್ಲ ತಗಿ."

ಇಷ್ಟು ನಡೆದದ್ದು. ಇನ್ನು ವಿಚಾರಕ್ಕೆ ಬರತೀನಿ.

ಮೊದಲನೇದು, ತಿಳಿಯದೆ ಆಯಿತು ಅನ್ನೋ ಮಾತನ್ನ ನಾವು ಒಂದೇ ಗಂಟಿನಾಗ ಕಟ್ಟತೀವಿ. ಬಿಚ್ಚಿ ನೋಡಿದರ ಅದರಾಗ ಬ್ಯಾರೆ ಬ್ಯಾರೆ ಕಾಳು ಇರತಾವ. ಹೊಲಕ್ಕೆ ಹೋಗುವಾಗ ಕಾಲ ಕೆಳಗೆ ಇರಿವೆ ಸಾಯತೈತಿ. ಅದು ತಿಳಿಯದ್ದೇ, ಅದಕ್ಕೆ ಯಾರೂ ಏನೂ ಮಾಡಾಕ ಬರೂದಿಲ್ಲ. ನನ್ನ ಕಲ್ಲು ಹಂಗಲ್ಲ. ಆ ಹೊತ್ತಿಗೆ ಕೋಳಿ ಅಲ್ಲಿ ಐತಿ ಅಂತ ನನಗೆ ತಿಳಿದಿರಲಿಲ್ಲ, ಖರೇ. ಆದರ ಒಂದು ದಿನ ಈ ಕಲ್ಲು ಯಾವುದರ ಮ್ಯಾಲರ ಬೀಳತೈತಿ ಅಂತ ತಿಳಿದಿತ್ತು. ಹೇಳುವವರು ಹೇಳಿದ್ದರು. ಕಿಸೆಯಲ್ಲಿ ಮೊಬೈಲ್ ಇತ್ತು, ಅದರ ಬ್ಯಾಟರಿ ಹಚ್ಚಲಿಲ್ಲ. ಚೀರಿದ್ದು ಕೇಳಿಸಿತ್ತು, ತಿರುಗಿ ನೋಡಲಿಲ್ಲ. ತಿಳಿಯಬಹುದಾಗಿದ್ದನ್ನ ತಿಳಕೊಳ್ಳದೆ ಬಿಟ್ಟು ಆಮ್ಯಾಲೆ ತಿಳಿಯಲಿಲ್ಲ ಅನ್ನೋದು, ಬಾವಿಗೆ ಕಟ್ಟೆ ಕಟ್ಟದೆ ಎತ್ತು ಬಿತ್ತು ಅಂತ ದೈವಕ್ಕೆ ಬಯ್ದಂಗ.

ಮೂರನೇ ಥರ ಒಂದೈತಿ, ಅದು ರೂಢಿ. ಸಂತಿಗೆ ಒಯ್ಯುವಾಗ ಕೋಳಿಯ ಕಾಲು ಹಗ್ಗದಿಂದ ಕಟ್ಟಿ, ತಲೆ ಕೆಳಗೆ ಮಾಡಿ, ಸೈಕಲ್ಲಿನ ಹ್ಯಾಂಡಲ್ಲಿಗೆ ಜೋತು ಬಿಡತೀವಿ. ಹಗ್ಗ ಬಿಚ್ಚಿದರ ಕಾಲಿನ ಚರ್ಮ ಸುಲಿದಿರತೈತಿ. ಅದು ಆಕಸ್ಮಿಕ ಅಲ್ಲ, ಬೇಕಂತ ಮಾಡಿದ್ದೂ ಅಲ್ಲ. ಅಪ್ಪ ಮಾಡುತ್ತಿದ್ದ, ನಾ ಮಾಡೀನಿ. ಒಂದು ಸಲ ಕಲ್ಲು ಬಿದ್ದದ್ದಕ್ಕೆ ನನಗೆ ನಿದ್ದಿ ಹತ್ತಲಿಲ್ಲ. ನಲವತ್ತು ವರ್ಷ ತಲೆಕೆಳಗು ಒಯ್ದದ್ದಕ್ಕೆ ಒಂದು ದಿನವೂ ನಿದ್ದಿ ಕೆಡಲಿಲ್ಲ. ಇದು ನನಗೇ ಈಗ ವಿಚಿತ್ರ ಕಾಣತೈತಿ. ಬುಟ್ಟಿಯಲ್ಲಿ ಒಯ್ದರ ಸಂತಿ ದೂರ ಏನೂ ಆಗೂದಿಲ್ಲ.

ಎರಡನೇದು, ಒಬ್ಬ ಗೆಳೆಯ ನನಗೆ ಅಂದ, "ಹಬ್ಬ ಬಂದರ ಅದನ್ನ ಕೊಯ್ದು ತಿನ್ನವರು ನೀವು. ಒಂದು ಕಾಲಿಗೆ ಇಷ್ಟ್ಯಾಕ ಅಳತಿ?" ಮಾತು ಹರಿತ ಐತಿ, ಜಾರಿಸಿ ಬಿಡುವಂಥದ್ದಲ್ಲ. ಕೊಯ್ಯೋದೇ ತಪ್ಪು ಅನ್ನುವವರು ನಮ್ಮೂರಾಗೇ ಅದಾರ. ನಮ್ಮ ತಾಲೂಕಿನ ಗುಡ್ಡಾಪುರದ ದಾನಮ್ಮ ತಾಯಿಗೆ ನಡಕೊಳ್ಳುವ ಎಷ್ಟೋ ಮನಿಯಾಗ ತತ್ತಿ ಸೈತ ಒಳಗೆ ತರೂದಿಲ್ಲ. ಅವರ ದಾರಿ ದೊಡ್ಡದು, ಅದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಆದರ ನಾ ತಿನ್ನವ. ತಿನ್ನವನಿಗೂ ಒಂದು ಧರ್ಮ ಇರಬೇಕಲ್ಲ. ಕೊಯ್ಯುವಾಗ ನಾ ಏನು ಮಾಡಾಕ ಹತ್ತೀನಿ ಅಂತ ನನಗೆ ಗೊತ್ತಿರತೈತಿ, ಒಂದೇ ಏಟಿಗೆ ಮುಗಿಸತೀನಿ, ಅದು ಒಂದು ಮನಿಯ ಹೊಟ್ಟೆಗೆ ಹೋಗತೈತಿ. ಕಲ್ಲಿನ ಕೆಳಗೆ ಹೇಂಟೆ ಇಡೀ ರಾತ್ರಿ ಬಿದ್ದಿದ್ದ ನೋವು ಯಾರ ಹೊಟ್ಟೆಗೂ ಹೋಗಲಿಲ್ಲ. ನಾಳೆ ಸಾಯೋದು ಐತಿ ಅಂದ ಮಾತ್ರಕ್ಕೆ ಇವತ್ತಿನ ನೋವು ನೋವಲ್ಲ ಅಂತ ಆಗೂದಿಲ್ಲ. ಹಂಗ ನೋಡಿದರ ನಾಳೆ ಸಾಯದವರು ನಮ್ಮಲ್ಲಿ ಯಾರು?

ಮೂರನೇದು ಹುಂಜದ ಮಾತು. ನಾಲ್ಕೈದು ವರ್ಷದ ಹಿಂದೆ ನಮ್ಮಲ್ಲಿ ಒಂದು ಕೆಂಪು ಹುಂಜ ಇತ್ತು. ನಮ್ಮ ಮನಿಯಾಕೆ ತತ್ತಿ ತೆಗೆಯಾಕ ಬಗ್ಗಿದಾಗ ಅದು ಹಾರಿ ಆಕೆಯ ಪಾದದ ಮ್ಯಾಲೆ ಕಾಲಿನ ಮುಳ್ಳು ಚುಚ್ಚಿತು. ಸಣ್ಣ ತೂತು, ರಕ್ತ ಸೈತ ಬಾಳ ಬರಲಿಲ್ಲ. ಅರಿಷಿಣ ಮೆತ್ತಿ ಬಿಟ್ಟೆವು. ಎರಡು ದಿನಕ್ಕೆ ಪಾದ ಬಾತು, ನಡೆಯಾಕ ಬರಲಿಲ್ಲ. ದವಾಖಾನಿಗೆ ಒಯ್ದು ಧನುರ್ವಾತದ ಸೂಜಿ ಮಾಡಿಸಿ, ಗುಳಿಗಿ ತಂದ ಮ್ಯಾಲೆ ಇಳಿಯಿತು. ಹೊರಗೆ ಸಣ್ಣದು ಕಂಡರೂ ಇಂಥ ಚುಚ್ಚಿದ ಗಾಯ ಒಳಗೆ ಆಳ ಇರತೈತಿ, ಸಾಬೂನು ನೀರಿಲೆ ತೊಳೆದು ಅವತ್ತೇ ಡಾಕ್ಟರಿಗೆ ತೋರಿಸಬೇಕು ಅಂತ ಆಗ ತಿಳಿಯಿತು. ಹುಂಜವನ್ನ ಮುಂದಿನ ಆಯಿತವಾರವೇ ಕೊಯ್ದೆವು. ಸೊಕ್ಕು ಬಂದಿತ್ತು ಅಂದೆವು. ಅದು ತನ್ನ ಹೇಂಟೆಗಳನ್ನ ಕಾಯುವ ಕೆಲಸ ಮಾಡಿತ್ತು, ತತ್ತಿಗೆ ಬರುವ ಕೈ ಕಳ್ಳರದೋ ಮನಿಯವರದೋ ಅಂತ ಅದಕ್ಕೆ ಹ್ಯಾಂಗ ತಿಳಿಯಬೇಕು? ತಿಳಿಯದೆ ಮಾಡಿತು ಅನ್ನೋ ಮಾಫಿ ಹುಂಜಕ್ಕೆ ಸಿಗಲಿಲ್ಲ. ಅದೇ ಮಾಫಿಯನ್ನ ನಾ ನನಗೆ ಚಾ ಕುಡಿಯುತ್ತ ಕೊಟ್ಟುಕೊಂಡಿದ್ದೆ. ಮೊಮ್ಮಗನಿಗೂ ಸಿಗಲಿಲ್ಲ. ಮಾಂಡವ್ಯನ ಕಟ್ಟಳೆ ಹದಿನಾಲ್ಕು ವರ್ಷದ ಒಳಗಿನ ಕೂಸಿಗೆ ಇದ್ದದ್ದು. ನಮ್ಮ ಮನಿಯಾಗ ಒಂಬತ್ತು ವರ್ಷದವ ಪೆಟ್ಟು ತಿಂದ, ಅರವತ್ತು ದಾಟಿದವ ಆ ಕಟ್ಟಳೆಯ ನೆರಳಿನಾಗ ಕುಂತ. ರುಮಾಲು ಸುತ್ತಿಸಿಕೊಂಡ ಜವಾಬನ್ನ ನಾನೇ ಉಲ್ಟಾ ಮಾಡಿದ್ದೆ.

ಆಗ ದಶರಥನ ಕತೆಯನ್ನ ಮತ್ತೊಮ್ಮೆ ನೆನೆಸಿದೆ. ನಾ ಜಾತ್ರೆಯಲ್ಲಿ ಹಾಡಿದ್ದು ಅರ್ಧ ಕತೆ, ಬಾಣ ಬಿಟ್ಟ ತನಕ. ಮುಂದಿನ ಅರ್ಧ ಏನು? ಕಾಡು, ಕತ್ತಲೆ, ನೋಡಿದವರು ಯಾರೂ ಇಲ್ಲ. ರಾಜ ಕುದುರೆ ಹತ್ತಿ ಹೊರಟು ಹೋಗಿದ್ದರ ಕೇಳುವವರು ಇರಲಿಲ್ಲ. ಅವ ಹೋಗಲಿಲ್ಲ. ಕೂಗು ಕೇಳಿ ಹತ್ತಿರ ಬಂದ. ಕೊಡದಲ್ಲಿ ನೀರು ತುಂಬಿಕೊಂಡ. ಕಣ್ಣಿಲ್ಲದ ತಂದೆ ತಾಯಿ ಕುಂತಲ್ಲಿಗೆ ತಾನೇ ಹೋಗಿ, ನಿಮ್ಮ ಮಗನಿಗೆ ಬಾಣ ಬಿಟ್ಟವ ನಾನು ಅಂತ ತನ್ನ ಬಾಯಿಂದ ಹೇಳಿದ. ಶಾಪ ಬಂತು, ತಗೊಂಡ. ಬಾಣ ಬಿಟ್ಟ ಕೈಗೆ ತಿಳಿದಿತ್ತೋ ಇಲ್ಲೋ ಅನ್ನೋದರ ಮ್ಯಾಲೆ ನಾವು ರಾತ್ರಿಯೆಲ್ಲ ಡೊಳ್ಳು ಬಾರಿಸಿದೆವು. ತಿಳಿದ ಮ್ಯಾಲೆ ಕಾಲು ಎತ್ತ ನಡೆಯಿತು ಅಂತ ಯಾರೂ ಕೇಳಲಿಲ್ಲ.

ಈಗ ನನ್ನನ್ನ ಅದೇ ಸವಾಲು ಕೇಳಿದರ ನಾ ಹೇಳೋದು ಇಷ್ಟು. ತಿಳಿಯದೆ ಆದ ಗಾಯ ಪಾಪ ಅಲ್ಲದೆ ಇರಬಹುದು, ಆದರ ಅದು ಸಾಲ. ಸಾಲ ತಿಳಿಯದೆ ಆಗಿದ್ದರೂ ತೀರಿಸಬೇಕು. ಅಪ್ಪ ಮಾಡಿದ ಸಾಲ ಮಗ ತೀರಿಸೂದಿಲ್ಲೇನು? ಪಾಪ ಅನ್ನೋದು ಸುರು ಆಗೋದು ನಮಗೆ ಗೊತ್ತಾದ ಹೊತ್ತಿನಿಂದ. ಗಾಯ ಆದದ್ದನ್ನ ಕಂಡೂ ಕಟ್ಟದಿದ್ದರ ಅಲ್ಲಿ ಸುರು. ನಾನು ಅನ್ನಬೇಕಾದಲ್ಲಿ ಸುಮ್ಮನೆ ಕುಂತರ ಅಲ್ಲಿ ಸುರು. ಕಲ್ಲು ಅಲ್ಲೇ ಬಿಟ್ಟರ ಎರಡನೇ ಸಲ ಬಿದ್ದದ್ದಕ್ಕೆ ತಿಳಿಯದೆ ಆತು ಅನ್ನಾಕ ಬರೂದಿಲ್ಲ. ನಾ ಮುಂಜಾನೆಯಿಂದ ಮಧ್ಯಾಹ್ನದ ತನಕ ಸುಮ್ಮನಿದ್ದೆ. ಬಾಳ ಅಲ್ಲ ಅಂತ ಕೆಲವರು ಅನ್ನಬಹುದು. ಒಂಬತ್ತು ವರ್ಷದವನಿಗೆ ತಾನೇ ಮಾಡಿದೆ ಅಂತ ನಂಬಾಕ ಅಷ್ಟು ಹೊತ್ತು ಸಾಕಾಗಿತ್ತು.

ಮರುದಿನವೇ ಫರಸಿ ಕಲ್ಲು ಕಿತ್ತು ಹಾಕಿದೆ. ಹಳೇ ಪೆಟ್ಟಿಗೆಯ ಹಲಗಿಗೆ ಬಿಜಾಗರಿ ಹಚ್ಚಿ ಬಾಗಿಲು ಕೂಡಿಸಿದೆ. ಅರ್ಧ ದಿನದ ಕೆಲಸ, ಎರಡು ವರ್ಷ ತಳ್ಳಿದ್ದೆ. ಮೊಮ್ಮಗ ಈಗ ಬ್ಯಾಟರಿ ಹಿಡಿದು ಒಂದೊಂದನ್ನೂ ಎಣಿಸಿ ಬಾಗಿಲು ಹಾಕತಾನ. ನಾ ಹಾಕಿದ ದಿನ ಅವ ಇನ್ನೊಮ್ಮೆ ಹೋಗಿ ನೋಡಿ ಬರತಾನ. ನನಗೆ ಸಿಟ್ಟು ಬರೂದಿಲ್ಲ.

ಮೂರು ವಾರಕ್ಕೆ ಹೇಂಟೆಯ ಎಲುಬು ಕೂಡಿತು, ಕುಂಟು ಉಳಿಯಿತು. ಮರಿ ದೊಡ್ಡವಾದ ಮ್ಯಾಲೆ ಅಕ್ಕ ಪಾಲಿಗೆ ಬಂದಳು. ಉಳಿದವು ಒಂಬತ್ತು. ಸತ್ತದ್ದು ನನ್ನ ಪಾಲಿಂದು, ನಿನಗ ಐದು ಅಂದೆ. ಬ್ಯಾಡ ಅಂತಾಳೇನೋ ಅಂತ ಒಳಗೊಳಗೆ ಒಂದು ಆಸೆ ಇತ್ತು, ಸುಳ್ಳು ಯಾಕ ಹೇಳಲಿ. ಆಕೆ ಐದನ್ನೂ ಎಣಿಸಿ ಬುಟ್ಟಿಗೆ ಹಾಕಿಕೊಂಡಳು. ಹೇಂಟೆಯನ್ನ ಮಾತ್ರ ಒಯ್ಯಲಿಲ್ಲ. "ಕುಂಟಿ ಇನ್ನೊಂದು ಕಾವಿನ ತನಕ ನಿಮ್ಮಲ್ಲೇ ಇರಲಿ ತಮ್ಮಾ, ಅದರ ನಡಿಗಿ ನಿನಗ ಗುರತ ಐತಿ" ಅಂದಳು.

ಅದು ಈಗಲೂ ನಮ್ಮ ಅಂಗಳದಾಗೇ ಐತಿ. ನಾ ನುಚ್ಚು ಹಾಕಾಕ ಹೋದರ ಎಲ್ಲದರಕಿಂತ ಹಿಂದ ಬರತೈತಿ, ಅದಕ್ಕೆ ಅಂತ ಒಂದು ಹಿಡಿ ಕೈಯಾಗ ಉಳಿಸಿಕೊಂಡು ನಿಂತಿರತೀನಿ.