ಹೃದಯದ ದಾಸೋಹ



ದಾಸೋಹವೆಂದೊಡನೆ ನಮ್ಮ ಮನಸ್ಸು ಅನ್ನದ ಪಂಕ್ತಿಯ ಕಡೆಗೆ ಹರಿಯುತ್ತದೆ. ಅನ್ನದಾಸೋಹವು ದೊಡ್ಡದೇ ಸರಿ. ಆದರೆ ನಮ್ಮ ಎದೆಯೊಳಗೆ ಹಗಲಿರುಳು ನಡೆಯುತ್ತಿರುವ ಇನ್ನೊಂದು ದಾಸೋಹವುಂಟು. ನಾವು ಸುಮ್ಮನೆ ಕುಳಿತಿರುವಾಗಲೂ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೇಹಕ್ಕೆ ನೀಡುತ್ತದೆ. ಅದರಲ್ಲಿ ತನ್ನ ಪೋಷಣೆಗೆಂದು ತೆಗೆದುಕೊಳ್ಳುವುದು ಸುಮಾರು ಇಪ್ಪತ್ತರಲ್ಲೊಂದು ಪಾಲು ಮಾತ್ರ. ಎಷ್ಟು ಬರುವುದೋ ಅಷ್ಟನ್ನೂ ಮುಂದಕ್ಕೆ ಕೊಡುವುದೇ ಅದರ ಧರ್ಮ. ಬಂದುದು ಮುಂದೆ ಸಾಗದೆ ನಿಂತರೆ ಅದೇ ರೋಗ.

ಈ ತತ್ತ್ವವನ್ನು ವೈದ್ಯವಿದ್ಯಾರ್ಥಿಗಳಿಗೆ ದಶಕಗಳ ಕಾಲ ಬೋಧಿಸಿದವರು ಅಮೆರಿಕೆಯ ಆರ್ಥರ್ ಗೈಟನ್ (1919-2003). ಹೃದಯದ ಶಸ್ತ್ರವೈದ್ಯರಾಗಬೇಕೆಂಬುದು ಅವರ ಹಂಬಲವಾಗಿದ್ದಿತು. ಆ ಶಿಕ್ಷಣದಲ್ಲಿದ್ದಾಗಲೇ, 1946ರಲ್ಲಿ, ಪೋಲಿಯೋ ರೋಗವು ಅವರ ಬಲಗಾಲನ್ನೂ ಎಡತೋಳನ್ನೂ ಭುಜಗಳನ್ನೂ ಕುಂದಿಸಿತು. ಶಸ್ತ್ರ ಹಿಡಿಯುವ ಆಸೆ ಅಲ್ಲಿಗೆ ಮುಗಿಯಿತು. ಅವರು ತಮ್ಮ ಹುಟ್ಟುನಾಡಾದ ಮಿಸಿಸಿಪಿಗೆ ಮರಳಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರವನ್ನು ಬೋಧಿಸತೊಡಗಿದರು. 1948ರಿಂದ 1989ರವರೆಗೆ ಆ ವಿಭಾಗದ ಮುಖ್ಯಸ್ಥರಾಗಿದ್ದರು. ಪಾಠದ ಟಿಪ್ಪಣಿಗಳೇ ಬೆಳೆದು 1956ರಲ್ಲಿ ಗ್ರಂಥವಾದುವು. ಅದರ ಮೊದಲ ಎಂಟು ಆವೃತ್ತಿಗಳನ್ನು ಅವರೊಬ್ಬರೇ ರಚಿಸಿದರು. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ನಮ್ಮ ಮಕ್ಕಳು ಇಂದಿಗೂ ಅದನ್ನು ಓದುತ್ತಿದ್ದಾರೆ.

ಬಯಸಿದ ಕೆಲಸವೊಂದೇ ಕಾಯಕವೆಂದು ತಿಳಿದವನಿಗೆ, ಅದು ಕೈತಪ್ಪಿದ ದಿನವೇ ಬಾಳು ಬರಿದಾಗುತ್ತದೆ. ನಮ್ಮ ಮನೆಗಳಲ್ಲಿಯೂ ಬಿದ್ದು ಸೊಂಟ ಮುರಿದುಕೊಂಡ ಹಿರಿಯರು ‘ಇನ್ನು ನನ್ನಿಂದೇನಾದೀತು’ ಎಂದು ಗೋಡೆಯ ಕಡೆಗೆ ಮುಖಮಾಡಿ ಮಲಗುವುದುಂಟು. ಅವರ ನೋವು ಸುಳ್ಳಲ್ಲ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಅವರು ಅರಿತ ಕಸುಬು, ಕಲಿತ ಅಕ್ಷರ, ಬಾಳಿ ಪಡೆದ ಅನುಭವ ಇವು ಎಲ್ಲಿಗೆ ಹೋದುವು? ಅವನ್ನು ಮೊಮ್ಮಕ್ಕಳಿಗೆ ನೀಡಲು ಕಾಲಿನ ಬಲ ಬೇಕಿಲ್ಲ. ಮನೆಯವರಾದ ನಾವು ಅವರ ಬಳಿ ಕುಳಿತು ಕೇಳುವ ವ್ಯವಧಾನವನ್ನು ತಂದುಕೊಂಡರೆ ಸಾಕು. ಕೇಳುವವರಿಲ್ಲದ ಮನೆಯಲ್ಲಿ ಕೊಡುವವರು ಕೊರಗುತ್ತಾರೆ.

ಇನ್ನೊಂದು ಮಾತು. ಎಷ್ಟು ರಕ್ತ ಹರಿಯಬೇಕೆಂಬುದನ್ನು ಸ್ವಸ್ಥ ದೇಹದಲ್ಲಿ ಮುಖ್ಯವಾಗಿ ನಿರ್ಧರಿಸುವುದು ಅಂಗಾಂಗಗಳ ಅಗತ್ಯ. ಹೃದಯವು ಒಡೆಯನಲ್ಲ, ಸೇವಕ. ಗೈಟನ್ನರು ಕಲಿಸಿದ ಪಾಠದ ಸಾರವಿದು. ಗುರುವಿಗೂ ದಾನಿಗೂ ಇದೇ ಪಾಠ. ತನಗೆ ಬಂದುದನ್ನೇ ಕೊಡುತ್ತಿರುವವನು ‘ನಾನು ಕೊಟ್ಟೆ’ ಎಂದು ಬೀಗುವುದು ಹೇಗೆ? ಆ ‘ನಾನು’ ಅಳಿದಲ್ಲಿ ಕೊಡುಗೆಯು ದಾಸೋಹವಾಗುತ್ತದೆ.