ಕಡತ ಒಬ್ಬರದು, ಸಾಲು ಯಾರದು?

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಬ್ಬ ರೋಗಿಯ ಹೆಸರಿನಡಿ ಬರೆದದ್ದೆಲ್ಲ ಆ ರೋಗಿಯ ಬಗ್ಗೆಯೇ ಎಂಬುದು ಬರೆಯುವವರೂ ಓದುವವರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡ ಮಾತು. ಬಹುಪಾಲು ಸಾಲುಗಳ ಮಟ್ಟಿಗೆ ಅದು ಸರಿ. ಆದರೆ ‘ತಂದೆಗೆ ಐವತ್ತರಲ್ಲಿ ಹೃದಯಾಘಾತ’ ಎಂಬ ಸಾಲು ಇರುವುದು ಮಗಳ ಕಡತದಲ್ಲಿ; ಎದೆನೋವು ಉಂಡದ್ದು ಅವಳಲ್ಲ. ಗರ್ಭಿಣಿಯ ದಾಖಲೆಯಲ್ಲಿ ‘ಎದೆಬಡಿತ 150’ ಎಂದಿದ್ದರೆ ಅದು ಮಗುವಿನದಿರಬಹುದು. ಹೊಟ್ಟೆಯೊಳಗಿನ ಮಗುವಿಗೆ ನಿಮಿಷಕ್ಕೆ 110ರಿಂದ 160 ಸಹಜ. ಸುಮ್ಮನೆ ಕುಳಿತ ತಾಯಿಗೇ ಅಷ್ಟಿದ್ದರೆ ತಕ್ಷಣ ವೈದ್ಯರನ್ನು ಕರೆಯಬೇಕು. ಕರ್ನಾಟಕದ ಗರ್ಭಿಣಿಯರ ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿ ತಾಯಿಯ ತೂಕ, ಬಿಪಿಗಳ ಜೊತೆಗೇ ಮಗುವಿನ ಎದೆಬಡಿತಕ್ಕೆ ಬೇರೆ ಜಾಗವಿದೆ. ಯಾರದು ಎಂಬುದನ್ನು ಅಚ್ಚಾದ ಕಾಗದವೇ ಹೇಳುತ್ತದೆ. ಅದೇ ಅಂಕಿ ಕಂಪ್ಯೂಟರಿಗೆ ಹೋಗುವಾಗ ಆ ತಲೆಬರಹ ಕಳಚಿಹೋದರೆ, ಉಳಿಯುವುದು ಒಡೆಯನಿಲ್ಲದ 150.

ಈ ಬಗೆಯ ತಪ್ಪಿನ ಸ್ವರೂಪವನ್ನು ಭಾರತೀಯ ತರ್ಕಶಾಸ್ತ್ರ ಸೂಕ್ಷ್ಮವಾಗಿ ವಿಚಾರಿಸಿದೆ. ನ್ಯಾಯ ದರ್ಶನದವರಾದ ನೈಯಾಯಿಕರ ಪ್ರಕಾರ ಗುಣ ತಾನಾಗಿ ನಿಲ್ಲುವಂಥದ್ದಲ್ಲ, ಅದಕ್ಕೊಂದು ಆಶ್ರಯ ಬೇಕು. ಅವರ ಮಾತಿನಲ್ಲಿ, ಧರ್ಮ ಎಂಬ ಗುಣಕ್ಕೆ ಧರ್ಮಿ ಎಂಬ ಆಶ್ರಯ ಬೇಕು. ಕಪ್ಪೆಚಿಪ್ಪನ್ನು ನೋಡಿ ಬೆಳ್ಳಿ ಎಂದುಕೊಂಡಾಗ ಬೆಳ್ಳಿಯೂ ಲೋಕದಲ್ಲಿ ನಿಜ, ಎದುರಿಗಿರುವ ಚಿಪ್ಪೂ ನಿಜ. ಎಲ್ಲೋ ಇರುವ ಬೆಳ್ಳಿಯನ್ನು ಇಲ್ಲಿಗೆ ತಂದು ಕೂಡಿಸಿದ್ದಷ್ಟೇ ತಪ್ಪು. ಅನ್ಯಥಾಖ್ಯಾತಿ ಎಂದು ಅವರು ಕರೆದದ್ದು ಇದನ್ನೇ. ತಂದೆಯ ಹೃದಯಾಘಾತ ಮಗಳದಾಗಿ ಕಂಡಾಗ ಆಗುವುದೂ ಅಷ್ಟೇ. ಕಾಯಿಲೆ ಸುಳ್ಳಲ್ಲ, ರೋಗಿಯೂ ಸುಳ್ಳಲ್ಲ, ವರದಿಯನ್ನು ಎಷ್ಟು ಬಾರಿ ಪರಿಶೀಲಿಸಿದರೂ ದೋಷ ಸಿಗುವುದಿಲ್ಲ. ಈ ತಪ್ಪು ಅಪಾಯಕಾರಿಯಾಗುವುದು ಇದರಿಂದಲೇ.

ದಾಖಲೆಯ ಮಾದರಿಗಳನ್ನು ರೂಪಿಸಿದವರು ಈ ತೊಡಕನ್ನು ಬಲ್ಲರು. ಓಪನ್‌ಇಎಚ್‌ಆರ್ ಮಾದರಿಯಲ್ಲಿ ಪ್ರತಿ ನಮೂದಿಗೂ ‘ಯಾರ ಬಗ್ಗೆ’ ಎಂಬ ಅಂಶ ಬೇರೆಯಾಗಿಯೇ ಇದೆ. ಸಾಮಾನ್ಯವಾಗಿ ಅದು ಕಡತದ ವ್ಯಕ್ತಿ, ಅಲ್ಲದಿದ್ದರೆ ಆ ವ್ಯಕ್ತಿಯೊಂದಿಗಿನ ಸಂಬಂಧವನ್ನು ನಮೂದಿಸಬೇಕು. ಎಫ್‌ಎಚ್‌ಐಆರ್ ಎಂಬ ಮಾದರಿ ಇನ್ನೊಂದು ದಾರಿ ಹಿಡಿದಿದೆ: ದಾಖಲೆ ರೋಗಿಯದೇ ಆಗಿರುತ್ತದೆ, ಗಮನ ಭ್ರೂಣದ ಮೇಲೋ ಅಂಗದಾನಿಯ ಮೇಲೋ ಇದೆ ಎಂದು ಪ್ರತ್ಯೇಕವಾಗಿ ಸೂಚಿಸಬಹುದು. ಭಾರತದಲ್ಲಿ ಆಭಾ ಎಂಬ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆ ಬಂದಿದೆ. ಅದು ಬಹಳ ಉಪಯುಕ್ತ. ಆದರೆ ಅದು ಉತ್ತರಿಸುವುದು ಕಡತ ಯಾರದೆಂಬ ಪ್ರಶ್ನೆಗೆ, ಸಾಲು ಯಾರದೆಂಬುದಕ್ಕಲ್ಲ.

ಕೆಲವೊಮ್ಮೆ ಕಡತ ಯಾರದೆಂಬುದೇ ತೊಡಕು. ಹೆಸರಿಡುವ ಮೊದಲೇ ದಾಖಲೆಗೆ ಸೇರುವ ಶಿಶುವನ್ನು ಸಾಮಾನ್ಯವಾಗಿ ತಾಯಿಯ ಹೆಸರಿನಿಂದಲೇ ಗುರುತಿಸುತ್ತಾರೆ. ಕೈಗೆ ಕಟ್ಟುವ ಪಟ್ಟಿಯ ಮೇಲೆ ‘ಬೇಬಿ ಆಫ್’ ಎಂದು ಬರೆದು ಮುಂದೆ ತಾಯಿಯ ಹೆಸರು ಸೇರಿಸುತ್ತಾರೆ. ಅಮೆರಿಕದಲ್ಲಿ ‘ಬೇಬಿ ಬಾಯ್’ ಎಂಬುದರ ಜೊತೆ ಮನೆತನದ ಹೆಸರಷ್ಟೇ ಇರುತ್ತಿದ್ದುದರಿಂದ ಒಂದು ಮಗುವಿನ ಔಷಧ ಇನ್ನೊಂದರ ಹೆಸರಿಗೆ ಬರೆದುಹೋಗುತ್ತಿತ್ತು. ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆಯಲ್ಲಿ ತಾಯಿಯ ಸ್ವಂತ ಹೆಸರನ್ನೂ ಸೇರಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇಂಥ ತಪ್ಪುಗಳು ಸುಮಾರು ಶೇಕಡಾ 36ರಷ್ಟು ತಗ್ಗಿದವು. ‘ಇಂಥವಳ ಮಗು’ ಎಂಬ ಸಂಬಂಧವೇ ಇಲ್ಲಿ ಹೊಸ ಜೀವದ ಮೊದಲ ಗುರುತು.

ಎಲ್ಲಕ್ಕಿಂತ ಆಳವಾದ ಪ್ರಶ್ನೆ ಏಳುವುದು ಅಸ್ಥಿಮಜ್ಜೆ ಕಸಿಯಲ್ಲಿ. ದಾನಿಯ ಮಜ್ಜೆ ಬೇರೂರಿದ ಮೇಲೆ ರೋಗಿಯ ರಕ್ತದ ಗುಂಪು ದಾನಿಯದಕ್ಕೆ ತಿರುಗಬಹುದು. ರಕ್ತಕಣಗಳ ಡಿಎನ್‌ಎ ದಾನಿಯದೇ. ಆಗ ‘ರಕ್ತದ ಗುಂಪು ಒ’ ಎಂಬ ಸಾಲು ರೋಗಿಯ ಬಗ್ಗೆಯೇ, ಏಕೆಂದರೆ ಈಗ ಅವನ ಮೈಯಲ್ಲಿ ಹರಿಯುತ್ತಿರುವುದು ಆ ರಕ್ತ. ಅದೇ ಸಿರಿಂಜಿನ ರಕ್ತದಿಂದ ಆನುವಂಶಿಕ ಕಾಯಿಲೆಯ ಪರೀಕ್ಷೆ ಮಾಡಿದರೆ ಬರುವ ಉತ್ತರ ದಾನಿಯ ಬಗ್ಗೆ. ಅದಕ್ಕೇ ಅಂಥ ಪರೀಕ್ಷೆಗೆ ಚರ್ಮದ ಚೂರು ತೆಗೆದು, ಅದರ ಕೋಶಗಳನ್ನು ಬೆಳೆಸಿ ನೋಡುತ್ತಾರೆ. ದೇಹವೇ ವ್ಯಕ್ತಿ ಎಂಬ ಸರಳ ನಿಲುವು ಇಲ್ಲಿ ಸಾಲದು. ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ವ್ಯಕ್ತಿಯ ಏಕತೆಯನ್ನು ದ್ರವ್ಯದಿಂದ ಬಿಡಿಸಿ ಅರಿವಿಗೆ ಕಟ್ಟಿದ. ಜ್ವರ ಅನುಭವಿಸುವವನು ಯಾರೆಂದು ತಿಳಿಯಲು ಆ ವಿಚಾರ ನೆರವಾಗುತ್ತದೆ, ಡಿಎನ್‌ಎ ಯಾರದೆಂದು ತಿಳಿಯಲು ಆಗುವುದಿಲ್ಲ. ಧರ್ಮಿ ಯಾರೆಂಬುದನ್ನು ಒಂದೊಂದು ಧರ್ಮಕ್ಕೂ ಬೇರೆಯಾಗಿಯೇ ಕೇಳಬೇಕಾಗುತ್ತದೆ.

ಕೇಳಬೇಕಾದದ್ದು ಬರೆಯುವ ಹೊತ್ತಿನಲ್ಲೇ. ನರ್ಸ್ ಕಿವಿಗೊಟ್ಟು ಎಣಿಸುವಾಗ ಬಡಿತ ಯಾರದೆಂಬುದು ಆಕೆಗೆ ಪ್ರತ್ಯಕ್ಷ. ಮುಂದೆ ಓದುವವರಿಗೆ ಅದು ಬರೀ ಅನುಮಾನ. ಒಬ್ಬರ ಕಡತ ಇನ್ನೊಬ್ಬರದರೊಂದಿಗೆ ತಪ್ಪಾಗಿ ಬೆರೆತುಹೋದಾಗಲಂತೂ ಕಡತದ ಹೆಸರಿನಿಂದ ಏನೂ ತಿಳಿಯದು. ಆಗ ತನ್ನ ಧರ್ಮಿಯನ್ನು ತಾನೇ ಹೇಳುವ ಸಾಲನ್ನು ಮಾತ್ರ ಅದರ ಸ್ಥಳಕ್ಕೆ ಖಚಿತವಾಗಿ ಮರಳಿಸಬಹುದು. ಉಳಿದವನ್ನು ರೋಗಿಯನ್ನೇ ಕರೆಸಿ ಮತ್ತೆ ಕೇಳಬೇಕು, ಮತ್ತೆ ಪರೀಕ್ಷಿಸಬೇಕು.